ಹುಳಿ ಬ್ರೆಡ್ಡಿನ ಊರಿನಲ್ಲಿ

ಸೆಪ್ಟೆಂಬರ್ ಬಂತೆಂದರೆ ನಮ್ಮ ಬೀದಿಯ ಯಾವುದಾದರೊಂದು ಮನೆಯ ಹಜಾರಕ್ಕೆ ತೂಕದ ಯಂತ್ರ ಬಂದು ಕೂರುತ್ತದೆ. ಅದರ ಮೇಲೆ ಸೂಟ್‌ಕೇಸು. ಮುಳ್ಳು 23 ಕಿಲೋ ದಾಟಿತೋ, ಮೊದಲು ಹೊರಬರುವುದು ಸ್ವೆಟರು. ಚಟ್ನಿಪುಡಿ, ಸಾರಿನಪುಡಿ, ಹುರಿದ ರವೆಯ ಪೊಟ್ಟಣಗಳು ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ. ಈ ಸಲ ಪಕ್ಕದ ಮನೆಯ ಹುಡುಗಿ ಜರ್ಮನಿಗೆ ಹೊರಟಾಗ ಅವಳಮ್ಮ ನನ್ನನ್ನು ಕರೆದು ಕೂರಿಸಿ ಕೇಳಿದರು: "ನೀವು ಅಲ್ಲಿ ಇದ್ದು ಬಂದೋರು. ನಿಜ ಹೇಳಿ, ಅಲ್ಲಿ ತಿನ್ನೋಕೆ ಏನು ಸಿಗುತ್ತೆ?"

"ಎಲ್ಲ ಸಿಗುತ್ತೆ ಅಕ್ಕ" ಅಂದೆ. ಆ ಉತ್ತರದಿಂದ ಅವರಿಗೆ ಸಮಾಧಾನ ಆಗಲಿಲ್ಲ. ಅಂದು ಬಾಯಿಗೆ ಬಾರದ ಉಳಿದ ಉತ್ತರ ಈ ವಾರದ ಅಂಕಣ.

ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದ್ದೇ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ ಅವರ ಸಂಖ್ಯೆ 49 ಸಾವಿರ ದಾಟಿತ್ತು. ವೀಸಾ ಬೇಕೆಂದರೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚಿಗೆಂದು 11,904 ಯೂರೊ ತೋರಿಸಬೇಕು. ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಬಾಡಿಗೆ, ಆರೋಗ್ಯವಿಮೆ ಕಳೆದ ಮೇಲೆ ಊಟಕ್ಕೆ ಉಳಿಯುವುದನ್ನು ಎಣಿಸಿಯೇ ಖರ್ಚು ಮಾಡಬೇಕು. ಹಾಗಾಗಿ ಬಹಳ ಮಂದಿ ಒಂದು ಸುಲಭದ ದಾರಿ ಹಿಡಿಯುತ್ತಾರೆ: ಏಷ್ಯನ್ ಅಂಗಡಿಯಿಂದ ಅಕ್ಕಿ, ತೊಗರಿಬೇಳೆ, ಊರಿನಿಂದ ತಂದ ಕುಕ್ಕರು, ಎರಡು ಹೊತ್ತೂ ಅನ್ನ ಸಾರು. ಮೊದಲ ಎರಡು ತಿಂಗಳು ನನ್ನದೂ ಅದೇ ಕಥೆ. ಅದೇನೂ ತಪ್ಪಲ್ಲ. ಆದರೆ ಎರಡು ವರ್ಷ ಒಂದು ಊರಿನಲ್ಲಿದ್ದು ಅಲ್ಲಿನ ಒಂದು ಅಡುಗೆಯ ಒಳಗುಟ್ಟೂ ತಿಳಿಯದೆ ವಾಪಸಾಗುವುದೆಂದರೆ, ಜಾತ್ರೆಗೆ ಹೋಗಿ ತೇರು ನೋಡದೆ ಬಂದ ಹಾಗೆ.

ನಾನು ಕಲಿತದ್ದು ಒಂದೇ ಮಾತು. ಬಾಯಿಗೆ ಹಿಡಿಸದ ತಟ್ಟೆಯ ಮುಂದೆ ಕೂತಾಗ "ಇದನ್ನು ಹೇಗೆ ತಿಂತಾರಪ್ಪ" ಅಂತ ಕೇಳಿಕೊಂಡರೆ ಹಸಿವು ಹಿಂಗುವುದಿಲ್ಲ. "ಇದನ್ನು ಯಾಕೆ ಹೀಗೆ ಮಾಡ್ತಾರೆ" ಅಂತ ಕೇಳಬೇಕು. ಬಯಲುಸೀಮೆಯ ಮಳೆಯ ಆಟ ಗೊತ್ತಿಲ್ಲದವನಿಗೆ ನಮ್ಮ ರಾಗಿಮುದ್ದೆ ಒಂದು ಕಂದು ಉಂಡೆ, ಅಷ್ಟೆ. ಕಾರಣ ತಿಳಿದವನಿಗೆ ಅದರಲ್ಲಿ ಒಂದು ಸೀಮೆಯೇ ಕಾಣುತ್ತದೆ. ಕಾರಣ ಕೇಳಿಕೊಂಡ ಮೇಲೆ ನಾಲಿಗೆ ಅರ್ಧ ಒಪ್ಪಿರುತ್ತದೆ. ಉಳಿದರ್ಧಕ್ಕೆ ನಾಲ್ಕು ದಿನ ಸಾಕು.

ನಾನು ಓದಿದ್ದು ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕ್ಕರ್ ನದಿಯ ದಂಡೆಯ ಪುಟ್ಟ ಊರು; ವಿಶ್ವವಿದ್ಯಾಲಯ ಮಾತ್ರ 1477ರದ್ದು. ಕನ್ನಡಿಗರಿಗೆ ಆ ಊರು ತೀರಾ ಪರಕೀಯವೂ ಅಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲೇ. ಕಡುಬು, ಹೋಳಿಗೆಗಳಿಗೆಲ್ಲ ಅರ್ಥ ಬರೆದ ಆ ಜರ್ಮನ್ ಪಾದ್ರಿ ಅವನ್ನು ಬಾಯಿಗೇ ಹಾಕಿಕೊಳ್ಳದೆ ಬರೆದಿರಲಾರರು ಎಂದು ನನ್ನ ಗುಮಾನಿ. ಅವರು ನಮ್ಮ ಕಡೆ ಮಾಡಿದ್ದನ್ನು ನಾವು ಅವರ ಕಡೆ ಮಾಡಬೇಕಾದದ್ದು ನ್ಯಾಯ ತಾನೆ?

ಮೊದಲ ಜಗಳ ಬ್ರೆಡ್ಡಿನ ಜೊತೆ. ನಮಗೆ ಬ್ರೆಡ್ಡೆಂದರೆ ಬೇಕರಿಯ ಬಿಳಿ, ಮೆತ್ತನೆಯ, ಜ್ವರ ಬಂದಾಗ ಹಾಲಿನಲ್ಲಿ ಅದ್ದಿ ತಿನ್ನುವ ವಸ್ತು. ಅಲ್ಲಿ ಕೈಗೆ ಸಿಕ್ಕಿದ್ದು ಕಪ್ಪುಗಂದು ಬಣ್ಣದ, ಇಟ್ಟಿಗೆಯಷ್ಟು ಭಾರದ, ಹುಳಿ ಹುಳಿ ಗಟ್ಟಿ. ಹಳಸಿದೆ ಎಂದುಕೊಂಡು ಮೊದಲ ವಾರ ಅರ್ಧ ಬ್ರೆಡ್ಡು ಕಸಕ್ಕೆ ಹಾಕಿದೆ. ಆಮೇಲೆ ಜೊತೆಗಿದ್ದ ಹುಡುಗಿ ವಿವರಿಸಿದಳು. ಉತ್ತರ ಯುರೋಪಿನ ಚಳಿಗೆ, ಬಡ ಮಣ್ಣಿಗೆ ಗೋಧಿಗಿಂತ ರೈ ಎಂಬ ಧಾನ್ಯವೇ ವಾಸಿ. ಆದರೆ ರೈ ಹಿಟ್ಟಿಗೆ ಗೋಧಿಹಿಟ್ಟಿನ ಹಾಗೆ ಎಳೆ ಹಿಡಿಯುವ ಜಿಗುಟಿಲ್ಲ. ಅದರ ಮೇಲೆ, ಪಿಷ್ಟವನ್ನು ಒಡೆಯುವ ಕಿಣ್ವವೊಂದು ಅದರಲ್ಲಿ ಜೋರಾಗಿರುವುದರಿಂದ ಹಾಗೇ ಬೇಯಿಸಿದರೆ ಒಳಗೆ ಅಂಟಂಟು. ಹಿಟ್ಟನ್ನು ಹುಳಿ ಬರಿಸಿದರೆ ಆ ಕಿಣ್ವ ಸುಮ್ಮನಾಗುತ್ತದೆ, ಬ್ರೆಡ್ಡು ನಿಲ್ಲುತ್ತದೆ. ಅಂದರೆ ಹುಳಿ ಅಲ್ಲಿ ಕೆಟ್ಟದ್ದರ ಗುರುತಲ್ಲ, ಬೇಯುವುದಕ್ಕೇ ಬೇಕಾದದ್ದು. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿ ಬಂದಿದ್ದರೆ ಸಂಭ್ರಮಪಡುವ ನಾನು ಇದಕ್ಕೆ ಮೂಗು ಮುರಿದಿದ್ದೆ! ಎರಡೂ ಕಡೆ ಕೆಲಸ ಮಾಡುವುದು ಮೊಸರಿನ ಬಳಗದ ಬ್ಯಾಕ್ಟೀರಿಯಾಗಳೇ.

ಆ ಹುಳಿಯಿಂದ ಇನ್ನೊಂದು ಉಪಕಾರ. ಬ್ರೆಡ್ಡು ಒಂದು ವಾರ ಕೆಡುವುದಿಲ್ಲ. ನಮ್ಮ ಮಹಡಿಯಲ್ಲಿದ್ದ ವಿಜಯಪುರದ ಗೆಳೆಯ ಇದನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡ. ತಿಂಗಳುಗಟ್ಟಲೆ ಇಟ್ಟು ತಿನ್ನುವ ಖಟಕ್ ರೊಟ್ಟಿಯ ಊರಿನವನಿಗೆ ಇಟ್ಟುಣ್ಣುವ ಊಟದ ಬೆಲೆ ಹೇಳಿಕೊಡಬೇಕೆ? ಜರ್ಮನರು ರಾತ್ರಿಯೂಟವನ್ನು ಕರೆಯುವುದೇ ಆಬೆಂಡ್‌ಬ್ರೋಟ್, ಸಂಜೆಯ ಬ್ರೆಡ್ಡು ಎಂದು. ಬಹಳ ಮನೆಗಳಲ್ಲಿ ಆಗ ಒಲೆ ಹಚ್ಚುವುದಿಲ್ಲ. ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ, ಉಪ್ಪಿನಕಾಯಿ ಮೇಜಿನ ಮೇಲೆ ಹರಡಿ ಕೂತು ಮಾತಾಡುತ್ತ ತಿನ್ನುತ್ತಾರೆ. ಅಲ್ಲಿನ ಬ್ರೆಡ್ಡಿನ ಬಗೆಗಳು 3 ಸಾವಿರಕ್ಕೂ ಹೆಚ್ಚೆಂದು ಬೇಕರಿಯವರ ಲೆಕ್ಕ. ಬ್ರೆಡ್ ಸಂಸ್ಕೃತಿಯನ್ನು 2014ರಲ್ಲಿ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದ್ದಾರೆ. ನನ್ನ ಚಟ್ನಿಪುಡಿಗೂ ಕೊನೆಗೆ ನೆಲೆ ಸಿಕ್ಕಿದ್ದು ಅಲ್ಲೇ: ರೈ ಬ್ರೆಡ್ಡು, ಗಟ್ಟಿ ಬೆಣ್ಣೆ, ಮೇಲೊಂದು ಚಿಟಿಕೆ ಚಟ್ನಿಪುಡಿ. ಜೊತೆಗಿದ್ದ ಹುಡುಗಿ ಆ ಡಬ್ಬಿಯನ್ನು ನನಗಿಂತ ಬೇಗ ಖಾಲಿ ಮಾಡಿದಳು.

ಮಧ್ಯಾಹ್ನಕ್ಕೆ ಮೆನ್ಸಾ ಇದೆ. ಮೆನ್ಸಾ ಎಂದರೆ ವಿದ್ಯಾರ್ಥಿಗಳ ಊಟದ ಮನೆ. ಇದನ್ನು ನಡೆಸುವುದು ಷ್ಟುಡಿಯರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ, ಲಾಭದ ವ್ಯವಹಾರವಲ್ಲ. ವಿದ್ಯಾರ್ಥಿಗೊಂದು ದರ, ಸಿಬ್ಬಂದಿಗೊಂದು, ಹೊರಗಿನವರಿಗೊಂದು. ಗುರುತಿನ ಚೀಟಿಗೇ ದುಡ್ಡು ತುಂಬಿಸಿಕೊಂಡು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಮೂರ್ನಾಲ್ಕು ಯೂರೊಗೆ ಬಿಸಿಯೂಟ. ಹೊರಗೆ ಸಾಧಾರಣ ಹೋಟೆಲಿನಲ್ಲಿ ಇದರ ಮೂರು ಪಟ್ಟು ಕೊಡಬೇಕು. ಮಾಂಸ ತಿನ್ನದವರಿಗೂ ಈಗ ಕಷ್ಟವಿಲ್ಲ. ಬರ್ಲಿನ್ನಿನ ಮೆನ್ಸಾಗಳು 2021ರ ಅಕ್ಟೋಬರಿನಿಂದ ತಮ್ಮ ಪಟ್ಟಿಯ ಬಹುಪಾಲನ್ನು ಸಸ್ಯಾಹಾರಕ್ಕೆ, ಅದರಲ್ಲೂ ಹಾಲು ಮೊಟ್ಟೆ ಇಲ್ಲದ ವೇಗನ್ ಅಡುಗೆಗೆ ಬದಲಿಸಿದವು. ಹವಾಮಾನದ ಚಿಂತೆಯಿಂದ ವಿದ್ಯಾರ್ಥಿಗಳೇ ಕೇಳಿ ತಂದ ಬದಲಾವಣೆ ಅದು. ಹೊಸದಾಗಿ ಹೋದವರಿಗೆ ನನ್ನ ಸಲಹೆ ಇಷ್ಟೇ: ಮೊದಲ ತಿಂಗಳು ಮಧ್ಯಾಹ್ನದ ಡಬ್ಬಿ ಕಟ್ಟಬೇಡಿ, ಮೆನ್ಸಾಗೆ ಹೋಗಿ. ಭಾಷೆಯೂ ಗೆಳೆಯರೂ ಸಿಗುವುದು ಆ ಸಾಲಿನಲ್ಲೇ.

ಮೆನ್ಸಾದಲ್ಲೇ ನಾನು ಮೌಲ್‌ಟಾಶೆನ್ ಕಂಡದ್ದು. ಚೌಕಾಕಾರದ, ಅಂಗೈಯಗಲದ ಕಡುಬು. ಮೈದಾ-ಮೊಟ್ಟೆಯ ಹಿಟ್ಟಿನ ಹೊದಿಕೆಯೊಳಗೆ ಪಾಲಕ್, ಈರುಳ್ಳಿ, ನೆನೆಸಿದ ಬ್ರೆಡ್ಡು, ಕೊಚ್ಚಿದ ಮಾಂಸ. ಇದರ ಬಗ್ಗೆ ಆ ಸೀಮೆಯಲ್ಲಿ ಒಂದು ದಂತಕತೆ. ಈಸ್ಟರಿಗೆ ಮುಂಚಿನ 40 ದಿನದ ವ್ರತದಲ್ಲಿ ಮಾಂಸ ನಿಷಿದ್ಧ. ಮೌಲ್‌ಬ್ರೋನ್ ಮಠದ ಸನ್ಯಾಸಿಗಳಿಗೆ ಆಗ ಒಳ್ಳೆಯ ಮಾಂಸವೊಂದು ಸಿಕ್ಕಿತಂತೆ. ಬಿಸಾಡಲು ಮನಸ್ಸಿಲ್ಲ, ತಿನ್ನಲು ಹೆದರಿಕೆ. ಸಣ್ಣಗೆ ಕೊಚ್ಚಿ, ಸೊಪ್ಪಿನಲ್ಲಿ ಕಲಸಿ, ಹಿಟ್ಟಿನೊಳಗೆ ಮುಚ್ಚಿಟ್ಟರು. ಮೇಲಿನಿಂದ ನೋಡುವ ದೇವರಿಗೆ ಕಾಣದಿರಲಿ ಅಂತ! ಹಾಗಾಗಿ ಊರಿನವರು ಇದಕ್ಕೆ ಇಟ್ಟ ಅಡ್ಡಹೆಸರು "ದೇವರಿಗೇ ಟೋಪಿ ಹಾಕುವಂಥದ್ದು" ಎಂಬರ್ಥದ್ದು. ಕತೆ ಕತೆಯೇ ಇರಬಹುದು. ಆದರೂ ಒಂದು ತುತ್ತಿನಲ್ಲಿ ಆ ಸೀಮೆಯ ಧರ್ಮ, ಮಿತವ್ಯಯ, ತುಂಟತನ ಮೂರೂ ಸಿಕ್ಕವು. 2009ರಿಂದ ಇದಕ್ಕೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬರೀ ತರಕಾರಿ ತುಂಬಿದ್ದೂ ಅಂಗಡಿಯಲ್ಲಿ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲೊಂದು ಎಚ್ಚರಿಕೆ. ಕಡುಬಿನ ಒಳಗೆ ತರಕಾರಿ ಇದ್ದ ಮಾತ್ರಕ್ಕೆ ಅದು ತೇಲುವ ಸಾರು ಮಾಂಸದ್ದಲ್ಲ ಎನ್ನುವಂತಿಲ್ಲ. "ಮಾಂಸ ಇಲ್ಲದ್ದು ಕೊಡಿ" ಎಂದು ಕೇಳಿದಾಗ ಹಂದಿ ಕೊಬ್ಬಿನ ಚೂರುಗಳಿದ್ದ ಆಲೂಗಡ್ಡೆ ಸೂಪು ನನ್ನ ಮುಂದೆ ಬಂದಿತ್ತು. ಬಡಿಸಿದವರಿಗೆ ಮೋಸದ ಉದ್ದೇಶ ಇರಲಿಲ್ಲ; ಅವರ ಲೆಕ್ಕದಲ್ಲಿ ಆ ಚೂರು ಒಗ್ಗರಣೆ, ಮಾಂಸವಲ್ಲ. ಹಾಗಾಗಿ ಮೂರು ಪದ ಬಾಯಿಪಾಠ ಮಾಡಿಕೊಳ್ಳಿ: ಷ್ಪೆಕ್ ಎಂದರೆ ಆ ಹಂದಿ ಕೊಬ್ಬು, ಷ್ಮಾಲ್ಟ್ಸ್ ಎಂದರೆ ಕರಗಿಸಿದ ಪ್ರಾಣಿಕೊಬ್ಬು, ಗೆಲಾಟಿನೆ ಎಂದರೆ ಜೆಲ್ಲಿ ಮಿಠಾಯಿಗಳನ್ನು ಗಟ್ಟಿ ಮಾಡುವ ಪ್ರಾಣಿಜನ್ಯ ಅಂಟು. ಪೊಟ್ಟಣದ ಹಿಂದೆ "ಝೂಟಾಟೆನ್" ಎಂದಿದ್ದರೆ ಅದರ ಕೆಳಗಿರುವುದು ಸಾಮಗ್ರಿಗಳ ಪಟ್ಟಿ. ಅಲರ್ಜಿ ತರುವ ವಸ್ತುಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕುವುದು ಯುರೋಪಿನಲ್ಲಿ ಕಾನೂನು. ಕೇಳಿ ತಿನ್ನುವುದರಲ್ಲಿ ನಾಚಿಕೆ ಏನೂ ಇಲ್ಲ. ಅಲ್ಲಿ ಎಲ್ಲರೂ ಕೇಳುತ್ತಾರೆ.

ನನ್ನನ್ನು ನಿಜಕ್ಕೂ ಗೆದ್ದದ್ದು ಮಾತ್ರ ಒಂದು ಬೇಳೆ. ಆ ಸೀಮೆಗೆ ಶ್ವಾಬೆನ್ ಎಂದು ಹೆಸರು. ಅವರ ಮನೆಯೂಟ ಕಂದು ಚನ್ನಂಗಿಕಾಳಿನ ಗಟ್ಟಿ ಸಾರು ಮತ್ತು ಷ್ಪೆಟ್ಸ್‌ಲೆ. ಷ್ಪೆಟ್ಸ್‌ಲೆ ಎಂದರೆ ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕುದಿಯುವ ನೀರಿಗೆ ಇಳಿಬಿಟ್ಟು ಮಾಡುವ ಶಾವಿಗೆ. ಕೈಪಳಗಿದವರು ಹಲಗೆಯ ಮೇಲಿನಿಂದ ಚಾಕುವಿನಲ್ಲಿ ಕೆರೆದು ಹಾಕುತ್ತಾರೆ. ಉಳಿದವರು ಒತ್ತುವ ಉಪಕರಣ ಬಳಸುತ್ತಾರೆ. ಅದನ್ನು ಮೊದಲ ಸಲ ನೋಡಿದಾಗ ನಾನು "ನಮ್ಮ ಶಾವಿಗೆ ಒರಳು!" ಎಂದು ಕೂಗಿದ್ದೆ. ಆ ದೀಪಾವಳಿಗೆ ನಮ್ಮ ಮಹಡಿಯ ಚಕ್ಕುಲಿಗಳೆಲ್ಲ ಅದರಿಂದಲೇ ಇಳಿದವು. ಮುಳ್ಳಿಲ್ಲದ ಬೋಳು ಚಕ್ಕುಲಿಗಳು, ಆದರೂ ಚಕ್ಕುಲಿಗಳೇ.

ಆ ಕಾಳಿನ ಹಿಂದೆ ಒಂದು ಕಥೆ ಇದೆ. ಟ್ಯೂಬಿಂಗನ್ನಿನ ಪಕ್ಕದಲ್ಲೇ ಏಳುವ ಶ್ವಾಬಿಶೆ ಆಲ್ಬ್ ಸುಣ್ಣಕಲ್ಲಿನ ಎತ್ತರದ ಬಯಲು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮಣ್ಣಿಗಿಂತ ಕಲ್ಲು ಹೆಚ್ಚು. ಅಂಥ ನೆಲದಲ್ಲೂ ಚನ್ನಂಗಿ ಬರುತ್ತದೆ. ಆದರೆ ಆ ಗಿಡಕ್ಕೆ ತಾನೇ ನಿಲ್ಲುವ ಶಕ್ತಿಯಿಲ್ಲ. ಜೊತೆಗೆ ಬಾರ್ಲಿಯನ್ನೋ ಓಟ್ಸನ್ನೋ ಬಿತ್ತಿ ಅದರ ಆಸರೆಗೆ ಹಬ್ಬಿಸಬೇಕು, ಕೊಯ್ದ ಮೇಲೆ ಎರಡನ್ನೂ ಬೇರ್ಪಡಿಸಬೇಕು. ಇಷ್ಟು ಕೂಲಿ ಯಾರು ಕೊಡುತ್ತಾರೆ? ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಅಲ್ಲಿನ ರೈತರು ಆ ಬೆಳೆ ಬಿಟ್ಟೇಬಿಟ್ಟರು. ಊರ ತಳಿಗಳೂ ಮಾಯವಾದವು. ಅಡುಗೆ ಉಳಿಯಿತು, ಕಾಳು ಮಾತ್ರ ಹೊರದೇಶದ್ದಾಯಿತು. 1985ರಲ್ಲಿ ವೋಲ್ಡೆಮಾರ್ ಮಮ್ಮೆಲ್ ಎಂಬ ರೈತ ಅದನ್ನು ಮತ್ತೆ ಬಿತ್ತಲು ಹೊರಟಾಗ ಸಿಕ್ಕಿದ್ದು ಬೇರೆ ಕಡೆಯ ತಳಿ. ಕೊನೆಗೆ 2006ರಲ್ಲಿ ಹಳೆಯ ಆಲ್ಬ್ ತಳಿಗಳು ಪತ್ತೆಯಾದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ. ಹಿಡಿಯಷ್ಟು ಬೀಜದಿಂದ ಹೊಲ ಮತ್ತೆ ತುಂಬಿತು. ಮೇಜಿನ ಮೇಲೆ ತಣ್ಣಗೆ ಕೂತ ಕಂದು ಸಾರಿಗೆ ಇಷ್ಟು ದೂರದ ಪ್ರಯಾಣ ಇದೆಯೆಂದು ತಿಳಿದ ದಿನ ನಾನು ಎರಡನೇ ಸಲ ಬಡಿಸಿಕೊಂಡೆ.

ಬಡಿಸಿಕೊಳ್ಳುವ ವಿಚಾರವೂ ಕಲಿಯಬೇಕಾದ್ದೇ. ಮೊದಲ ಸಲ ಅಲ್ಲಿಯವರ ಮನೆಗೆ ಊಟಕ್ಕೆ ಹೋದಾಗ ಮನೆಯೊಡತಿ "ಇನ್ನೂ ಸ್ವಲ್ಪ?" ಎಂದು ಕೇಳಿದರು. ನಮ್ಮ ಊರಿನ ಮರ್ಯಾದೆಯಂತೆ "ಸಾಕು ಸಾಕು" ಅಂದೆ. ಇನ್ನೆರಡು ಸಲ ಒತ್ತಾಯ ಮಾಡುತ್ತಾರೆ, ಮೂರನೇ ಸಲ "ನೀವು ಇಷ್ಟು ಹೇಳಿದ ಮೇಲೆ" ಎಂದು ತಟ್ಟೆ ಚಾಚುವುದು ತಾನೇ ನಮ್ಮ ಕ್ರಮ? ಅವರು ಪಾತ್ರೆ ಎತ್ತಿ ಒಳಗಿಟ್ಟರು. ಅರೆಹೊಟ್ಟೆಯಲ್ಲಿ ಮನೆಗೆ ಬಂದೆ. ಇನ್ನೊಮ್ಮೆ ಬೇಕೆಂಬ ಅರ್ಥದಲ್ಲೇ "ಡಾಂಕೆ", ಅಂದರೆ ಧನ್ಯವಾದ ಎಂದೆ. ಆಗಲೂ ಪಾತ್ರೆ ಒಳಗೆ ಹೋಯಿತು. ಏನನ್ನಾದರೂ ನೀಡುವಾಗ ಬರೀ "ಡಾಂಕೆ" ಎಂದರೆ ಅಲ್ಲಿ ಬೇಡವೆಂದೇ ಅರ್ಥ. ಬೇಕಿದ್ದರೆ "ಯಾ, ಗೆರ್ನೆ" ಅನ್ನಬೇಕು. ಅವರದು ಜಿಪುಣತನವೆಂದು ಅಂದು ಬೈದುಕೊಂಡಿದ್ದೆ. ಬೇಡ ಎಂದವರ ಮಾತನ್ನು ನಂಬುವುದೇ ಅವರ ಉಪಚಾರ ಎಂದು ಆಮೇಲೆ ತಿಳಿಯಿತು.

ಋತುವಿನ ಊಟ ಇನ್ನೊಂದು ಪಾಠ. ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಮಾರುಕಟ್ಟೆ, ಹೋಟೆಲು, ಮೆನ್ಸಾ ಎಲ್ಲೆಡೆ ಬಿಳಿ ಕಡ್ಡಿಗಳಂಥ ತರಕಾರಿ. ಅದು ಷ್ಪಾರ್ಗೆಲ್, ಶತಾವರಿಯ ಸಂಬಂಧಿ. ಮಣ್ಣು ಏರಿಹಾಕಿ ಬಿಸಿಲು ತಾಗದಂತೆ ಬೆಳೆಸುವುದರಿಂದ ಅದು ಬಿಳಿ. ಕೊಯ್ಲು ಸಂಪ್ರದಾಯದಂತೆ ಜೂನ್ 24ಕ್ಕೆ ನಿಲ್ಲುತ್ತದೆ. ಆಮೇಲೆ ಗಿಡ ಎಲೆ ಬಿಟ್ಟು, ಮುಂದಿನ ವರ್ಷಕ್ಕೆ ಬೇರಿನಲ್ಲಿ ಬಲ ಕೂಡಿಸಿಕೊಳ್ಳಬೇಕಲ್ಲ. ಹಾಗಾಗಿ ಆ ಎರಡು ತಿಂಗಳು ಅದರದ್ದೇ ಸೂಪು, ಅದರದ್ದೇ ಪಲ್ಯ, ಅದರದ್ದೇ ಮಾತು. ಬೆಂಗಳೂರಿನಲ್ಲಿ ಸೊಗಡಿನ ಅವರೆಕಾಯಿ ಕಾಲದಲ್ಲಿ ಉಪ್ಪಿಟ್ಟಿನಿಂದ ಹೋಳಿಗೆವರೆಗೆ ಅವರೆಯೇ ತುಂಬಿಕೊಳ್ಳುವುದನ್ನು ಕಂಡವರಿಗೆ ಈ ಹುಚ್ಚು ಹೊಸದಲ್ಲ. ಶರತ್ಕಾಲಕ್ಕೆ ಈರುಳ್ಳಿ ತುಂಬಿ ಬೇಯಿಸಿದ ಕೇಕಿನ ಜೊತೆ ಇನ್ನೂ ಹುದುಗುತ್ತಿರುವ ಹೊಸ ದ್ರಾಕ್ಷಾರಸ ಬರುತ್ತದೆ. ಗಾಳಿ ಹೊರಹೋಗಲೆಂದು ಅದರ ಮುಚ್ಚಳ ಸಡಿಲವಾಗಿಯೇ ಇಟ್ಟಿರುತ್ತಾರೆ. ಅದು ತಿಳಿಯದೆ, ಕರೆದವರ ಮನೆಗೆಂದು ಕೊಂಡ ಒಂದು ಬಾಟಲಿಯನ್ನು ನಾನು ಚೀಲದಲ್ಲಿ ಮಲಗಿಸಿ ಒಯ್ದೆ. ಒಂದು ಸೆಮಿಸ್ಟರಿನ ಟಿಪ್ಪಣಿಗಳು ಪರೀಕ್ಷೆಯವರೆಗೂ ಘಮಘಮಿಸಿದವು.

"ಸ್ಥಳೀಯ" ಎಂಬ ಮಾತನ್ನು ತೀರಾ ಬಿಗಿಯಾಗಿ ಹಿಡಿಯುವುದೂ ತಪ್ಪು. ಜರ್ಮನಿಯ ಬೀದಿಗಳಲ್ಲಿ ವಿದ್ಯಾರ್ಥಿಗಳ ರಾತ್ರಿಯ ಹಸಿವು ತೀರಿಸುವುದು ಡೋನರ್. 1961ರಲ್ಲಿ ಆಗಿನ ಪಶ್ಚಿಮ ಜರ್ಮನಿ ಕಾರ್ಖಾನೆಗಳಿಗೆ ಕೂಲಿಯಾಳು ಬೇಕೆಂದು ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತು. ಹಾಗೆ ಬಂದವರ ಸಮುದಾಯ ತಟ್ಟೆಯ ಊಟವನ್ನು ರೊಟ್ಟಿಯೊಳಗೆ ಮಡಚಿ ಕೈಗೆ ಕೊಟ್ಟಿತು. ಮಾಂಸ ಬೇಡದವರಿಗೆ ಅದರಲ್ಲೇ ಕಡಲೆಕಾಳಿನ ಫಲಾಫಲ್. ಜರ್ಮನರ ಮನೆಯೂಟವೆನಿಸಿದ ಆಲೂಗಡ್ಡೆಯೂ ದಕ್ಷಿಣ ಅಮೆರಿಕದಿಂದ ಬಂದದ್ದೇ. 1756ರಲ್ಲಿ ಪ್ರಷ್ಯಾದ ದೊರೆ ಫ್ರೆಡರಿಕ್ ಅದನ್ನು ಬೆಳೆಯಿರೆಂದು ಆಜ್ಞೆ ಹೊರಡಿಸಬೇಕಾಯಿತು. ಇಂದಿಗೂ ಪಾಟ್ಸ್‌ಡಾಮಿನ ಅವನ ಸಮಾಧಿಯ ಮೇಲೆ ಜನ ಆಲೂಗಡ್ಡೆ ಇಟ್ಟು ಬರುತ್ತಾರೆ. ನಗುವ ಮುಂಚೆ ನಮ್ಮ ಒಗ್ಗರಣೆಯ ಒಣಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತೆಂಬುದನ್ನು ನೆನೆಯುವುದು ಒಳ್ಳೆಯದು.

ಒಗ್ಗರಣೆ ಅಂದಾಗ ನೆನಪಾಯಿತು. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಸಿಡಿಸುವ ಮೊದಲು ಕಿಟಕಿ ತೆಗೆಯಿರಿ. ಹೊಗೆಯ ಅಲಾರಾಂ ಕೂಗಿ ಮೂರು ಮಹಡಿಯ ಜನ ಚಳಿಯಲ್ಲಿ ಹೊರಗೆ ನಿಂತರೆ ಗೆಳೆತನ ಬೆಳೆಯುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ವಾರದ ಸಂತೆ ಮುಗಿಯುವ ಹೊತ್ತಿಗೆ ಹೋದರೆ ತರಕಾರಿ ಅಗ್ಗ. ವಾರಕ್ಕೊಂದು ದಿನ ಜೊತೆಯವರೆಲ್ಲ ಸೇರಿ ಅಡುಗೆ ಮಾಡಿ: ಒಂದು ವಾರ ನಿಮ್ಮ ಬಿಸಿಬೇಳೆಬಾತು, ಮರುವಾರ ಅವರ ಷ್ಪೆಟ್ಸ್‌ಲೆ. ಮನೆಯೂಟದ ನೆನಪು ಕಾಡಿದ ದಿನ ಯಾವ ಸಂಕೋಚವೂ ಇಲ್ಲದೆ ಅನ್ನ ಸಾರು ಮಾಡಿಕೊಳ್ಳಿ. ಜ್ವರ ಬಂದಾಗ ಯಾವ ಪರಂಪರೆಯ ಪಟ್ಟಿಯೂ ಗಂಜಿಗೆ ಸಮವಲ್ಲ.

ಓದು ಮುಗಿಸಿ ತುಮಕೂರಿಗೆ ಮರಳುವಾಗ ನನ್ನ ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆ ಅರ್ಧ ಕಿಲೋ ಆಲ್ಬ್ ಚನ್ನಂಗಿ ಇತ್ತು. ಅಮ್ಮ ಕಾಳನ್ನು ಮೊರದಲ್ಲಿ ಹರಡಿ, ಬೆರಳಲ್ಲಿ ಉರುಳಿಸಿ ನೋಡಿದಳು. ಹೇಗೆ ಮಾಡುತ್ತಾರೆಂದು ಕೇಳಿದಳು. ಬೇಯಿಸಿ, ಈರುಳ್ಳಿ ಬಾಡಿಸಿ, ಹುರಿದ ಹಿಟ್ಟಿನಲ್ಲಿ ಗಟ್ಟಿ ಮಾಡಿ, ಇಳಿಸುವಾಗ ಒಂದಿಷ್ಟು ವಿನೆಗರ್ ಹಾಕುತ್ತಾರೆ ಅಂದೆ. ಮನೆಯಲ್ಲಿ ವಿನೆಗರ್ ಇರಲಿಲ್ಲ. ಅಮ್ಮ ಒಂದು ಹೋಳು ನಿಂಬೆಹಣ್ಣು ಹಿಂಡಿ, ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದಳು.

"ಬೇಳೆಗೆ ಕೊನೇಲಿ ಹುಳಿ ಬೀಳ್ಬೇಕು ಅಂತ ಅವರಿಗೂ ಗೊತ್ತು ಅನ್ನು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಸೌಟು ಕೈಯಲ್ಲೇ ಹಿಡಿದು ಕೇಳಿದಳು: "ಅಲ್ಲ, ಇದು ತಾನಾಗಿ ನಿಲ್ಲಲ್ಲ ಅಂದ್ಯಲ್ಲ, ಬಾರ್ಲಿ ಜೊತೆ ಹಾಕ್ತಾರೆ ಅಂತ. ನಮ್ಮ ರಾಗಿ ಹೊಲದಲ್ಲಿ ಅವರೆ ಅಕ್ಕಡಿ ಹಾಕೋ ಹಾಗೇನಾ?"